ಮನೆಯಲ್ಲೇ ಹೈ-ಫೈ ಸ್ಪೀಕರ್ ಕಟ್ಟುವುದು: ಕೊಡಗಿನ ಕೋಣೆ, ಮಳೆ ಮತ್ತು ಮರಕ್ಕೆ ಹೊಂದುವ ಆಯ್ಕೆಗಳು

ಮನೆಯಲ್ಲೇ ಒಂದು ಜೊತೆ ಹೈ-ಫೈ ಸ್ಪೀಕರ್ ಕಟ್ಟಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿಯ ಡ್ರೈವರ್ (ಪೆಟ್ಟಿಗೆಯಲ್ಲಿ ಕೂತು ಕೋನ್ ಅಥವಾ ಗುಮ್ಮಟವನ್ನು ಕಂಪಿಸಿ ಧ್ವನಿ ಹೊರಡಿಸುವ ಘಟಕ) ಕೊಳ್ಳಬೇಕು ಎಂದು. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆಯ ಸ್ಥಾನ ಮೂರನೆಯದು. ಸ್ಪೀಕರ್ ಯಾವ ಕೋಣೆಯಲ್ಲಿ ಕೂರಲಿದೆ ಎಂಬುದು ಮೊದಲು ತೀರ್ಮಾನವಾಗಬೇಕು. ಆ ಕೋಣೆಗೆ ಎಂತಹ ಪೆಟ್ಟಿಗೆ ಹೊಂದುತ್ತದೆ ಎಂಬುದನ್ನು ಅನಂತರ ನೋಡಬೇಕು. ಆ ಪೆಟ್ಟಿಗೆಯಲ್ಲಿ ಸರಿಯಾಗಿ ನುಡಿಯುವ ಡ್ರೈವರ್ ಯಾವುದು ಎಂಬುದು ಆಮೇಲಿನ ಮಾತು. ಕೊಡಗಿನಲ್ಲಿ ಇದರ ಜೊತೆಗೆ ಇನ್ನೊಂದು ಷರತ್ತು ಸೇರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಪುಸ್ತಕ, ಚಪ್ಪಲಿಗಳಿಗೆಲ್ಲ ಬೂಷ್ಟು ಹಿಡಿಸುವ ತೇವವನ್ನು ಈ ಪೆಟ್ಟಿಗೆಯೂ ವರ್ಷ ವರ್ಷವೂ ತಾಳಿಕೊಳ್ಳಬೇಕು. ಒಣ ಹವೆಯ ಊರಿನವರಿಗಾಗಿ ಬರೆದ ಸಲಹೆಗಳನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಖರ್ಚು ಮಾಡಿದ ಹಣಕ್ಕೆ ತಕ್ಕ ಧ್ವನಿ ಸಿಗುವುದಿಲ್ಲ, ಸಿಕ್ಕ ಧ್ವನಿಯೂ ಬಹುಕಾಲ ಉಳಿಯುವುದಿಲ್ಲ.

ಮರಗೆಲಸವನ್ನು ಊರಿನ ಆಚಾರಿಯಿಂದ ಮಾಡಿಸಿಕೊಂಡು, ವೈರಿಂಗ್ ಮತ್ತು ಬೆಸುಗೆಯ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲವರು ಮೊದಲ ಬಾರಿಗೆ ಕೈಹಾಕಬಹುದಾದ ಆಯ್ಕೆಗಳನ್ನಷ್ಟೇ ಇಲ್ಲಿ ಹೋಲಿಸಲಾಗಿದೆ.

ಕೋಣೆಯ ಲೆಕ್ಕ

ಧ್ವನಿಯ ದೃಷ್ಟಿಯಿಂದ ಕೊಡಗಿನ ಮನೆಗಳನ್ನು ಎರಡು ಬಗೆಯಾಗಿ ನೋಡಬಹುದು. ಮೊದಲನೆಯದು ಹಳೆಯ ತೋಟದ ಮನೆ: ದಪ್ಪ ಗೋಡೆ, ಮಂಗಳೂರು ಹೆಂಚಿನ ಮಾಡು, ಅದರ ಕೆಳಗೆ ಹಲಗೆಯ ಅಟ್ಟ, ಜಗಲಿಯ ಕಡೆಗೆ ತೆರೆದುಕೊಳ್ಳುವ ದೊಡ್ಡ ಹಾಲ್. ಎರಡನೆಯದು ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪಗಳ ಬಡಾವಣೆಗಳಲ್ಲಿ ಎದ್ದಿರುವ ಆರ್‌ಸಿಸಿ ಮನೆ. ಅಲ್ಲಿ ಸಂಗೀತಕ್ಕೆ ಸಿಗುವುದು ಬಹುಮಟ್ಟಿಗೆ 10 ಅಡಿ ಅಗಲ, 12 ಅಡಿ ಉದ್ದದ ಕೋಣೆ. ಮಳೆ ಮತ್ತು ಚಳಿಯ ಕಾರಣದಿಂದ ಅದರ ಕಿಟಕಿಗಳು ವರ್ಷದ ಬಹುಭಾಗ ಮುಚ್ಚಿಯೇ ಇರುತ್ತವೆ. ಈ ಎರಡು ಕೋಣೆಗಳಲ್ಲಿ ಒಂದೇ ಸ್ಪೀಕರಿನ ಕೆಳಸ್ವರಗಳು ಪೂರ್ತಿ ಬೇರೆಯಾಗಿ ಕೇಳುತ್ತವೆ.

ಕಾರಣ ಸರಳವಾದದ್ದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಉದ್ದದಲ್ಲಿ ಅನುರಣಿಸುವ ಅತಿ ಕೆಳಗಿನ ಆವರ್ತನ ಸಿಗುತ್ತದೆ. 12 ಅಡಿಗೆ ಅದು ಸುಮಾರು 47 ಹರ್ಟ್ಜ್, 10 ಅಡಿಗೆ ಸುಮಾರು 56 ಹರ್ಟ್ಜ್. ಗಟ್ಟಿ ಗೋಡೆಯ ಮುಚ್ಚಿದ ಕೋಣೆಯಲ್ಲಿ ಈ ಎರಡು ಜಾಗಗಳಲ್ಲಿ ಸ್ವರ ಉಬ್ಬುತ್ತದೆ. ಅದಕ್ಕಿಂತ ಕೆಳಗೆ ಇಡೀ ಕೋಣೆಯ ಗಾಳಿಯೇ ಒಟ್ಟಾಗಿ ಒತ್ತಲ್ಪಡುವುದರಿಂದ ಅತಿ ಕೆಳಗಿನ ಸ್ವರಗಳಿಗೆ ಕೋಣೆಯೇ ಸ್ವಲ್ಪ ಬಲ ತುಂಬುತ್ತದೆ. ಹೆಂಚಿನ ಮನೆಯಲ್ಲಿ ಹಾಗಾಗುವುದಿಲ್ಲ. ಹೆಂಚುಗಳ ಸಂದು, ಅಟ್ಟದ ಹಲಗೆಗಳ ನಡುವಿನ ಬಿರುಕು, ತೆರೆದ ಬಾಗಿಲುಗಳ ಮೂಲಕ ಒತ್ತಡ ಹೊರಗೆ ಸೋರಿಹೋಗುತ್ತದೆ. ಅಲ್ಲಿ ಉಬ್ಬು ಕಡಿಮೆ ಎಂಬುದು ಒಳ್ಳೆಯದೇ, ಆದರೆ ಸಹಾಯವೂ ಅಷ್ಟೇ ಕಡಿಮೆ. ಆಳವಾದ ಸ್ವರ ಬೇಕಿದ್ದರೆ ಅದನ್ನು ಸ್ಪೀಕರೇ ಪೂರ್ತಿಯಾಗಿ ಹೊರಡಿಸಬೇಕಾಗುತ್ತದೆ.

ಮಳೆಯ ಸದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜುಲೈ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ಕುಳಿತು ತಂಬೂರಿಯ ಶ್ರುತಿ ಸ್ಪಷ್ಟವಾಗಿ ಕೇಳಬೇಕಾದರೆ ಬೇಸಿಗೆಯಲ್ಲಿ ಇಡುವುದಕ್ಕಿಂತ ಬಹಳ ಹೆಚ್ಚಿನ ಮಟ್ಟದಲ್ಲಿ ನುಡಿಸಬೇಕು. ಧ್ವನಿಯ ಮಟ್ಟ 3 ಡೆಸಿಬಲ್ ಏರಲು ಆಂಪ್ಲಿಫೈಯರ್ ಎರಡರಷ್ಟು ಶಕ್ತಿ ಕೊಡಬೇಕು, 10 ಡೆಸಿಬಲ್ ಏರಲು ಹತ್ತರಷ್ಟು. ಆದ್ದರಿಂದ ಹಳೆಯ ಮನೆಯ ದೊಡ್ಡ ಹಾಲಿಗೆ ಕಟ್ಟುವವರು 84 ಡೆಸಿಬಲ್ ಸೆನ್ಸಿಟಿವಿಟಿಯ (ನಿಗದಿತ ಶಕ್ತಿಗೆ ಹೊರಡಿಸುವ ಧ್ವನಿಮಟ್ಟದ) ಪುಟ್ಟ ಸ್ಪೀಕರನ್ನೂ 10 ವಾಟ್ ಕೂಡ ಕೊಡದ ವಾಲ್ವ್ ಆಂಪ್ಲಿಫೈಯರನ್ನೂ ಜೋಡಿಸಬಾರದು. ಎರಡೂ ಪ್ರತ್ಯೇಕವಾಗಿ ಉತ್ತಮವಾಗಿದ್ದರೂ ಆ ಹಾಲಿನಲ್ಲಿ ಜೊತೆಯಾಗಿ ಸೋಲುತ್ತವೆ.

ಮುಚ್ಚಿದ ಪೆಟ್ಟಿಗೆಯೋ, ಕೊಳವೆ ಇರುವ ಪೆಟ್ಟಿಗೆಯೋ

ಕೆಳಸ್ವರಗಳನ್ನು ನುಡಿಸುವ ಡ್ರೈವರಾದ ವೂಫರಿನ ಕೋನ್ ಮುಂದಕ್ಕೆ ಗಾಳಿಯನ್ನು ಒತ್ತುವಾಗ ಹಿಂದೆ ಅಷ್ಟೇ ಗಾಳಿಯನ್ನು ಸಡಿಲಿಸುತ್ತದೆ. ಈ ಎರಡು ಅಲೆಗಳು ಕೂಡಿಕೊಂಡರೆ ಕೆಳಸ್ವರ ಅಳಿಸಿಹೋಗುತ್ತದೆ. ಪೆಟ್ಟಿಗೆ ಇರುವುದೇ ಅವು ಕೂಡದಂತೆ ನೋಡಿಕೊಳ್ಳಲು. ಹಿಂದಿನ ಅಲೆಯನ್ನು ಪೂರ್ತಿ ಬಂಧಿಸಿಟ್ಟರೆ ಅದು ಮುಚ್ಚಿದ ಪೆಟ್ಟಿಗೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಆರ್-1 ಸ್ಪೀಕರಿನ ಮೂಲಕ ಚಿಕ್ಕ ಮುಚ್ಚಿದ ಪೆಟ್ಟಿಗೆಯಿಂದಲೂ ಆಳವಾದ ಸ್ವರ ಬರುತ್ತದೆ ಎಂದು ತೋರಿಸಿಕೊಟ್ಟರು. ಹಿಂದಿನ ಅಲೆಯ ಶಕ್ತಿಯನ್ನು ಒಂದು ಕೊಳವೆಯ ಮೂಲಕ ಸರಿಯಾದ ಆವರ್ತನದಲ್ಲಿ ಹೊರಗೆ ಬಿಟ್ಟುಕೊಂಡರೆ ಅದು ಬಾಸ್ ರಿಫ್ಲೆಕ್ಸ್. ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ ಅವರಿಗೆ 1932ರಲ್ಲಿ ಇದರ ಪೇಟೆಂಟ್ ದೊರೆಯಿತು. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಒಂದೇ ಸ್ವರ ಹೊರಡುವಂತೆ ಕೊಳವೆಯೊಳಗಿನ ಗಾಳಿ ಪೆಟ್ಟಿಗೆಯೊಳಗಿನ ಗಾಳಿಯ ಮೇಲೆ ತೂಗಾಡುತ್ತದೆ. ಇವೆರಡನ್ನೂ ಊಹೆಯಿಂದ ಬಿಡಿಸಿ ಲೆಕ್ಕಕ್ಕೆ ತಂದವರು 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್ ಮತ್ತು 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್. ಇಂದು ಡ್ರೈವರಿನ ವಿವರಪಟ್ಟಿಯಲ್ಲಿ ಕಾಣುವ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಎಂಬ ಸಂಖ್ಯೆಗಳು ಅವರಿಬ್ಬರ ಹೆಸರಿನಲ್ಲೇ ಪ್ರಸಿದ್ಧವಾಗಿವೆ. ಎಫ್‌ಎಸ್ ಎಂದರೆ ಬಿಡಿಯಾಗಿರುವ ಡ್ರೈವರಿನ ಅನುರಣನ ಆವರ್ತನ. ಕ್ಯೂಟಿಎಸ್ ಆ ಅನುರಣನ ಎಷ್ಟು ಹತೋಟಿಯಲ್ಲಿದೆ ಎಂಬುದರ ಅಳತೆ. ವಿಎಎಸ್ ಡ್ರೈವರಿನ ತೂಗುಭಾಗದಷ್ಟೇ ಮೆತ್ತಗಿರುವ ಗಾಳಿಯ ಗಾತ್ರ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಲೆಕ್ಕ ಮಾಡಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಎಫ್‌ಎಸ್ 40 ಹರ್ಟ್ಜ್, ಕ್ಯೂಟಿಎಸ್ 0.4, ವಿಎಎಸ್ 20 ಲೀಟರ್ ಇರುವ ಆರೂವರೆ ಇಂಚಿನ ಒಂದು ವೂಫರ್ ಇದೆ ಎಂದುಕೊಳ್ಳಿ. ಮುಚ್ಚಿದ ಪೆಟ್ಟಿಗೆಯಲ್ಲಿ ಡ್ರೈವರ್ ಮತ್ತು ಪೆಟ್ಟಿಗೆ ಸೇರಿದ ಒಟ್ಟು ಕ್ಯೂ 0.707 ಬರುವಂತೆ ಮಾಡಿದರೆ ಪ್ರತಿಕ್ರಿಯೆ ಎಲ್ಲಿಯೂ ಉಬ್ಬದೆ ಸಮತಟ್ಟಾಗಿ ಸಾಗಿ ಕೆಳಗಿಳಿಯುತ್ತದೆ. ಅದಕ್ಕೆ 0.707 ಅನ್ನು 0.4ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಒಂದನ್ನು ಕಳೆದು, ಉಳಿದದ್ದರಿಂದ ವಿಎಎಸ್ ಅನ್ನು ಭಾಗಿಸಬೇಕು: ಸುಮಾರು 9.4 ಲೀಟರ್. ಆಗ ಸ್ವರ 3 ಡೆಸಿಬಲ್ ಇಳಿಯುವ ಜಾಗ ಸುಮಾರು 71 ಹರ್ಟ್ಜ್. ಅಲ್ಲಿಂದ ಕೆಳಗೆ ಪ್ರತಿ ಆಕ್ಟೇವಿಗೆ, ಅಂದರೆ ಆವರ್ತನ ಅರ್ಧಕ್ಕೆ ಇಳಿದಾಗಲೆಲ್ಲ, 12 ಡೆಸಿಬಲ್‌ನಂತೆ ನಿಧಾನವಾಗಿ ಇಳಿಯುತ್ತದೆ. ಅದೇ ವೂಫರಿಗೆ ಕೊಳವೆಯ ಪೆಟ್ಟಿಗೆ ಕಟ್ಟಿದರೆ 19-20 ಲೀಟರ್ ಬೇಕು, ಆದರೆ ಸ್ವರ 40 ಹರ್ಟ್ಜ್‌ನ ಆಸುಪಾಸಿನವರೆಗೂ ತಲುಪುತ್ತದೆ. ಅದರಿಂದ ಕೆಳಗೆ ಇಳಿಜಾರು ಪ್ರತಿ ಆಕ್ಟೇವಿಗೆ 24 ಡೆಸಿಬಲ್‌ನಷ್ಟು ಕಡಿದಾಗಿರುತ್ತದೆ.

ಕಾಗದದ ಮೇಲೆ ಕೊಳವೆಯ ಪೆಟ್ಟಿಗೆಯೇ ಗೆದ್ದಂತೆ ಕಾಣುತ್ತದೆ. ಕೋಣೆಯನ್ನು ಸೇರಿಸಿದ ಕೂಡಲೇ ತೀರ್ಪು ಬದಲಾಗುತ್ತದೆ. 10 ಅಡಿಗೆ 12 ಅಡಿಯ ಆರ್‌ಸಿಸಿ ಕೋಣೆ 47 ಮತ್ತು 56 ಹರ್ಟ್ಜ್‌ನಲ್ಲಿ ತಾನೇ ಉಬ್ಬುತ್ತದೆ. ಅದೇ ಜಾಗದಲ್ಲಿ ಕೊಳವೆಯೂ ಬಲವಾಗಿ ನುಡಿದರೆ ಮೃದಂಗದ ಎಡಭಾಗದ ಪ್ರತಿ ಪೆಟ್ಟೂ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಮುಚ್ಚಿದ ಪೆಟ್ಟಿಗೆ ಅಷ್ಟು ಹೊತ್ತಿಗೆ ನಿಧಾನವಾಗಿ ಇಳಿಯುತ್ತಿರುವುದರಿಂದ ಕೋಣೆಯ ಉಬ್ಬು ಆ ಇಳಿತವನ್ನು ತುಂಬಿಕೊಡುತ್ತದೆ. ಆದ್ದರಿಂದ ಬಡಾವಣೆಯ ಚಿಕ್ಕ ಕೋಣೆಗೆ ಮುಚ್ಚಿದ ಪೆಟ್ಟಿಗೆಯನ್ನೂ ತೋಟದ ಮನೆಯ ಹೆಂಚಿನ ಹಾಲಿಗೆ ಕೊಳವೆಯ ಪೆಟ್ಟಿಗೆಯನ್ನೂ ನಾನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ಕ್ಯೂಟಿಎಸ್ 0.3ರಿಂದ 0.4ರವರೆಗಿನ ಡ್ರೈವರುಗಳು ಕೊಳವೆಗೂ, 0.4ರಿಂದ 0.6ರವರೆಗಿನವು ಮುಚ್ಚಿದ ಪೆಟ್ಟಿಗೆಗೂ ಸಹಜವಾಗಿ ಹೊಂದುತ್ತವೆ. ಹೀಗಾಗಿ ಕೋಣೆಯನ್ನು ನಿರ್ಧರಿಸಿದ ಮೇಲೆ ಡ್ರೈವರಿನ ಪಟ್ಟಿ ತಾನಾಗಿಯೇ ಅರ್ಧಕ್ಕೆ ಇಳಿಯುತ್ತದೆ.

ಕೊಳವೆಯನ್ನು ಆರಿಸಿಕೊಂಡವರು ಅದರ ಅಳತೆಯಲ್ಲಿ ಅವಸರ ಮಾಡಬಾರದು. 20 ಲೀಟರಿನ ಪೆಟ್ಟಿಗೆಯನ್ನು 40 ಹರ್ಟ್ಜ್‌ಗೆ ಶ್ರುತಿ ಮಾಡಲು 5 ಸೆಂಟಿಮೀಟರ್ ಒಳವ್ಯಾಸದ ಪಿವಿಸಿ ಪೈಪು ಸುಮಾರು 14-15 ಸೆಂಟಿಮೀಟರ್ ಉದ್ದ ಇದ್ದರೆ ಸಾಕು. 7 ಸೆಂಟಿಮೀಟರ್ ಒಳವ್ಯಾಸದ ಪೈಪಾದರೆ ಸುಮಾರು 31 ಸೆಂಟಿಮೀಟರ್ ಬೇಕು, ಅದು ಪೆಟ್ಟಿಗೆಯೊಳಗೆ ನೇರವಾಗಿ ಹಿಡಿಯುವುದೇ ಕಷ್ಟ. ಕಿರಿದಾದ ಪೈಪಿನಲ್ಲಿ ಜೋರಾಗಿ ನುಡಿಸಿದಾಗ ಗಾಳಿಯ ಸುಯ್ಲು ಕೇಳಿಸುತ್ತದೆ. ಬಾಯಿಯ ಅಂಚನ್ನು ದುಂಡಗೆ ಉಜ್ಜಿದರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಶ್ರುತಿಯ ಆವರ್ತನಕ್ಕಿಂತ ಕೆಳಗೆ ಕೋನ್‌ಗೆ ಗಾಳಿಯ ಆಸರೆ ತಪ್ಪಿಹೋಗುವುದರಿಂದ, ಗ್ರಾಮಫೋನ್ ತಟ್ಟೆಗಳನ್ನು ನುಡಿಸುವವರು ತಟ್ಟೆಯ ಬಾಗಿನಿಂದ ಹುಟ್ಟುವ 20 ಹರ್ಟ್ಜ್‌ಗಿಂತ ಕೆಳಗಿನ ಅಲುಗಾಟವನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರನ್ನು ಕಡ್ಡಾಯವಾಗಿ ಇಟ್ಟುಕೊಳ್ಳಬೇಕು. ತೋಟದ ನಡುವಿನ ಮನೆಗಳಲ್ಲಿ ತೆರೆದ ಕೊಳವೆಯೊಳಗೆ ಕಡಜ ಮಣ್ಣಿನ ಗೂಡು ಕಟ್ಟಬಹುದು, ಹಲ್ಲಿ ಸೇರಿಕೊಳ್ಳಬಹುದು. ಒಳತುದಿಗೆ ನೈಲಾನ್ ಸೊಳ್ಳೆ ಪರದೆಯ ತುಂಡೊಂದನ್ನು ಬಿಗಿದರೆ ಧ್ವನಿಗೆ ತೊಂದರೆಯಾಗದೆ ಅವು ದೂರ ಉಳಿಯುತ್ತವೆ.

ಉಳಿದ ಬಗೆಗಳನ್ನು ಬೇಗ ಮುಗಿಸಬಹುದು. ಟ್ರಾನ್ಸ್‌ಮಿಷನ್ ಲೈನ್ ಎಂಬ, ಮಡಿಸಿದ ಸುರಂಗದಂಥ ಪೆಟ್ಟಿಗೆಯನ್ನು 1965ರಲ್ಲಿ ಬ್ರಿಟನ್ನಿನ ಆರ್ಥರ್ ಬೈಲಿ ಪರಿಚಯಿಸಿದರು. ಅದರ ಕೆಳಸ್ವರ ಗಂಭೀರವಾಗಿದ್ದರೂ ಪೆಟ್ಟಿಗೆ ದೊಡ್ಡದಾಗುತ್ತದೆ; ಒಳಗೆ ತುಂಬುವ ನಾರು ತೇವಕ್ಕೆ ಕುಸಿದು ಕೂತರೆ ಅದನ್ನು ಬಿಚ್ಚಿ ಸರಿಪಡಿಸುವುದೂ ಸುಲಭವಲ್ಲ. ಹಿಂಬದಿ ಹಾರ್ನ್ ಇರುವ ಪೆಟ್ಟಿಗೆಗೆ ನಿಖರವಾದ ಓರೆ ಕೊಯ್ತಗಳು ಬೇಕು, ಆದ್ದರಿಂದ ಮೊದಲ ಕೆಲಸಕ್ಕೆ ಅದು ಬೇಡ. ಪೆಟ್ಟಿಗೆಯೇ ಇಲ್ಲದೆ ಒಂದು ಹಲಗೆಗೆ ಡ್ರೈವರ್ ಕೂರಿಸುವ ಓಪನ್ ಬ್ಯಾಫಲ್ ವಿಧಾನವನ್ನು ಸ್ಪೀಕರ್ ವಿನ್ಯಾಸಕ ಜೀಗ್‌ಫ್ರೀಡ್ ಲಿಂಕ್‌ವಿಟ್ಜ್ ಅವರು ಬಹಳ ಎತ್ತರಕ್ಕೆ ಒಯ್ದರು. ಪಕ್ಕಗಳಿಗೆ ಧ್ವನಿ ಹೋಗದಿರುವುದರಿಂದ ಹಾಡುಗಾರಿಕೆ ಬಿಡುಬೀಸಾಗಿ ಕೇಳುತ್ತದೆ. ಆದರೆ ಅದನ್ನು ಹಿಂದಿನ ಗೋಡೆಯಿಂದ ಒಂದು ಮೀಟರಿಗಿಂತ ಹೆಚ್ಚು ಮುಂದಕ್ಕೆ ಇಡಬೇಕು. ದೊಡ್ಡ ಹಾಲ್ ಇರುವ ಹಳೆಯ ಮನೆಯವರು, ಎರಡನೆಯ ಜೋಡಿಯಾಗಿ, ಖಂಡಿತ ಯೋಚಿಸಬಹುದು.

ಒಂದೇ ಡ್ರೈವರ್, ಎರಡು, ಮೂರು

ಇಡೀ ಶ್ರೇಣಿಯನ್ನು ಒಂದೇ ಡ್ರೈವರಿನಿಂದ ನುಡಿಸುವ ಫುಲ್‌ರೇಂಜ್ ವಿಧಾನಕ್ಕೆ, ಸ್ವರಗಳನ್ನು ಡ್ರೈವರುಗಳ ನಡುವೆ ಹಂಚುವ ಕ್ರಾಸ್‌ಓವರ್ ಬೇಕಿಲ್ಲ, ಖರ್ಚೂ ಕಡಿಮೆ. ಗಾಯನ, ವೀಣೆ, ಕೊಳಲು, ಆಕಾಶವಾಣಿ ಮಡಿಕೇರಿಯ 103.1 ಮೆಗಾಹರ್ಟ್ಜ್‌ನಲ್ಲಿ ಬರುವ ಮಾತು ಮತ್ತು ಹಾಡುಗಳಿಗೆ ಮೂರು ಅಥವಾ ನಾಲ್ಕು ಇಂಚಿನ ಒಳ್ಳೆಯ ಫುಲ್‌ರೇಂಜ್ ಡ್ರೈವರ್ ಸಾಕಷ್ಟು ನ್ಯಾಯ ಒದಗಿಸುತ್ತದೆ. ಎಫ್‌ಎಂ ಪ್ರಸಾರವೇ ಸುಮಾರು 15 ಕಿಲೋಹರ್ಟ್ಜ್‌ಗೆ ನಿಲ್ಲುವುದರಿಂದ ಅದಕ್ಕಿಂತ ಮೇಲಿನ ಕೊರತೆ ಅಲ್ಲಿ ಕಾಣುವುದೇ ಇಲ್ಲ. ವಾಲಗದ ಧ್ವನಿಮುದ್ರಿಕೆಯನ್ನು ಹಾಕಿದಾಗ ಮಾತ್ರ ಮಿತಿ ಬಯಲಾಗುತ್ತದೆ. ಕೊಂಬಿನ ಏರುದನಿ ಮತ್ತು ಕೊಟ್ಟಿನ ಪೆಟ್ಟು ಒಟ್ಟಿಗೆ ಬಂದಾಗ ಒಂದೇ ಕೋನ್ ಎರಡನ್ನೂ ಹೊರಲಾರದೆ ಧ್ವನಿ ಒರಟಾಗುತ್ತದೆ. ಕೊಡವರ ಪುಟ್ಟ ಚರ್ಮವಾದ್ಯ ದುಡಿಯ ಚಿಕ್ಕ, ಬಿಗಿಯಾದ ಪೆಟ್ಟು ಒಡೆಯದೆ, ಮುಂದಿನ ಪೆಟ್ಟಿನೊಂದಿಗೆ ಕಲಸಿಹೋಗದೆ ಬರುತ್ತಿದೆಯೇ ಎಂಬುದು ನನ್ನ ದೃಷ್ಟಿಯಲ್ಲಿ ಯಾವುದೇ ಸ್ಪೀಕರಿಗೆ ಅತ್ಯುತ್ತಮ ಪರೀಕ್ಷೆ.

ಮೊದಲ ಗಂಭೀರ ಜೋಡಿಗೆ ನನ್ನ ಆಯ್ಕೆ ಟೂ-ವೇ: ಐದರಿಂದ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಗಳಿಗೆ 25 ಮಿಲಿಮೀಟರ್ ಗುಮ್ಮಟದ ಟ್ವೀಟರ್. ಆರೂವರೆ ಇಂಚಿನ ವೂಫರಿನ ಕೋನ್ ಸುಮಾರು 13 ಸೆಂಟಿಮೀಟರ್ ಅಗಲವಿರುತ್ತದೆ. 2,600 ಹರ್ಟ್ಜ್‌ನ ಆಸುಪಾಸಿನಲ್ಲಿ ಧ್ವನಿಯ ಅಲೆಯೂ ಅಷ್ಟೇ ಉದ್ದಕ್ಕೆ ಇಳಿಯುವುದರಿಂದ ಅಲ್ಲಿಂದ ಮೇಲೆ ವೂಫರ್ ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಮಾತ್ರ ನುಡಿಯತೊಡಗುತ್ತದೆ. ಆದ್ದರಿಂದ 2,000 ಹರ್ಟ್ಜ್‌ನ ಆಸುಪಾಸಿನಲ್ಲೇ ಕೆಲಸವನ್ನು ಟ್ವೀಟರಿಗೆ ಒಪ್ಪಿಸಬೇಕು. ಅದಕ್ಕೆ ಟ್ವೀಟರಿನ ಸ್ವಂತ ಅನುರಣನ 1,000 ಹರ್ಟ್ಜ್‌ಗಿಂತ ಕೆಳಗಿರಬೇಕು. ತ್ರೀ-ವೇ ಕಟ್ಟುವುದರಿಂದ ಕ್ರಾಸ್‌ಓವರಿನ ಕಷ್ಟ ಎರಡರಷ್ಟಲ್ಲ, ಅದಕ್ಕಿಂತಲೂ ಹೆಚ್ಚಾಗುತ್ತದೆ. ಅಳತೆಯ ಅಭ್ಯಾಸ ಬರುವವರೆಗೆ ಅದನ್ನು ಮುಂದೂಡುವುದು ಒಳ್ಳೆಯದು.

ಡ್ರೈವರ್ ಕೊಳ್ಳುವಾಗ ಕೋನಿನ ಸುತ್ತ ಇರುವ ಬಳೆಯನ್ನು, ಅಂದರೆ ಸರೌಂಡನ್ನು, ಬೆರಳಿನಿಂದ ಮುಟ್ಟಿ ನೋಡಿ. ಫೋಮಿನ ಸರೌಂಡ್ ಹಗುರವಾಗಿ ಚೆನ್ನಾಗಿ ನುಡಿಯುತ್ತದೆ, ಆದರೆ ಗಾಳಿಯ ತೇವದಿಂದ ಆ ಫೋಮು ರಾಸಾಯನಿಕವಾಗಿ ಒಡೆದು, ವರ್ಷಗಳು ಕಳೆದಂತೆ ಮೊದಲು ಅಂಟಂಟಾಗಿ ಆಮೇಲೆ ಪುಡಿಯಾಗಿ ಉದುರುತ್ತದೆ. ಕೊಡಗಿನಲ್ಲಿ ರಬ್ಬರ್ ಅಥವಾ ಲೇಪವಿರುವ ಬಟ್ಟೆಯ ಸರೌಂಡನ್ನೇ ಆರಿಸಬೇಕು. ಈ ವಿಷಯದಲ್ಲಿ ರಾಜಿ ಬೇಡ. ಕಾಗದದ ಕೋನ್ ಬೇಡವೆನ್ನಬೇಕಾಗಿಲ್ಲ, ಲೇಪ ಹಚ್ಚಿದ ಕಾಗದ ತೇವವನ್ನು ಚೆನ್ನಾಗಿ ತಡೆಯುತ್ತದೆ, ಅದರ ಮಧ್ಯಸ್ವರವೂ ಸಹಜವಾಗಿರುತ್ತದೆ. ಪಾಲಿಪ್ರೊಪಿಲೀನ್ ಕೋನಿಗೆ ತೇವದ ಚಿಂತೆಯೇ ಇಲ್ಲ. ಅಲ್ಯುಮಿನಿಯಂ ಕೋನ್ ಬಿಗಿಯಾಗಿದ್ದರೂ ಮೇಲಿನ ಶ್ರೇಣಿಯಲ್ಲಿ ಒಂದು ಚೂಪಾದ ಅನುರಣನವನ್ನು ಇಟ್ಟುಕೊಂಡಿರುತ್ತದೆ. ಅದನ್ನು ಕ್ರಾಸ್‌ಓವರಿನಲ್ಲಿ ಹಿಡಿದು ಅದುಮಬೇಕಾಗುತ್ತದೆ. ಚೌಕಟ್ಟು ಒತ್ತಿದ ಉಕ್ಕಿನದಾದರೆ ಬಣ್ಣ ಕಿತ್ತ ಜಾಗದಲ್ಲಿ ತುಕ್ಕು ಹಿಡಿಯುವುದು ಖಚಿತ, ಕೈಗೆಟುಕಿದರೆ ಎರಕದ ಅಲ್ಯುಮಿನಿಯಂ ಚೌಕಟ್ಟೇ ಉತ್ತಮ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ ಹೋಗುವವರು ಡ್ರೈವರನ್ನು ಕೈಯಲ್ಲಿ ಹಿಡಿದು ನೋಡದೆ ಹಣ ಕೊಡಬೇಡಿ.

ಎಂಡಿಎಫ್, ಪ್ಲೈವುಡ್, ಗಟ್ಟಿಮರ

ಸ್ಪೀಕರ್ ಪೆಟ್ಟಿಗೆಗೆ ಜಗತ್ತಿನೆಲ್ಲೆಡೆ ಹೆಚ್ಚು ಬಳಕೆಯಲ್ಲಿರುವುದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ. ಅದು ಭಾರವಾಗಿದೆ, ಒಳಗೆ ಎಲ್ಲ ಕಡೆಯೂ ಒಂದೇ ಸಮನಾಗಿದೆ, ರೌಟರಿನಲ್ಲಿ ಕೊರೆದರೆ ಅಂಚು ನುಣುಪಾಗಿ ಬರುತ್ತದೆ. ಆದರೂ ಕೊಡಗಿಗೆ ನಾನು ಅದನ್ನು ಹೇಳುವುದಿಲ್ಲ. ಕೊಯ್ದ ಅಂಚಿಗೆ ತೇವ ತಗುಲಿದರೆ ಅದು ಉಬ್ಬುತ್ತದೆ, ಒಮ್ಮೆ ಉಬ್ಬಿದ ಅಂಚು ಬೇಸಿಗೆಯಲ್ಲಿ ಒಣಗಿದರೂ ಹಿಂದಕ್ಕೆ ಇಳಿಯುವುದಿಲ್ಲ. ಆ ಜಾಗದಲ್ಲಿ ಸ್ಕ್ರೂ ಹಿಡಿತ ಕಳೆದುಕೊಂಡು ವೂಫರಿನ ಸುತ್ತ ಗಾಳಿ ಸೋರತೊಡಗುತ್ತದೆ. ಮುಚ್ಚಿದ ಪೆಟ್ಟಿಗೆಗೆ ಅಂತಹ ಸೋರಿಕೆ ಮಾರಕ. ತೇವ ತಡೆಯುವಂತೆ ಮಾಡಿದ ಎಚ್‌ಡಿಎಚ್‌ಎಂಆರ್ ಹಲಗೆ ಎಂಡಿಎಫ್‌ಗಿಂತ ಬಹಳ ಮೇಲು. ಬಣ್ಣ ಬಳಿಯುವ ಉದ್ದೇಶವಿದ್ದರೆ ಅದು ಒಪ್ಪತಕ್ಕ ಆಯ್ಕೆ.

ನನ್ನ ಮೊದಲ ಆಯ್ಕೆ 18 ಮಿಲಿಮೀಟರಿನ ಪ್ಲೈವುಡ್, ಅದರಲ್ಲೂ ಐಎಸ್ 710 ಮುದ್ರೆ ಇರುವ ಮೆರೀನ್ ದರ್ಜೆಯದು. ಖರ್ಚು ಇಳಿಸಬೇಕಾದವರು ಐಎಸ್ 303ರ ಅಡಿಯಲ್ಲಿ ಬರುವ ಬಿಡಬ್ಲ್ಯುಆರ್ (ಕುದಿನೀರು ತಾಳುವ) ದರ್ಜೆಗೆ ಬರಬಹುದು, ಅದಕ್ಕಿಂತ ಕೆಳಗೆ ಇಳಿಯಬಾರದು. ಅಂಗಡಿಯಲ್ಲಿ ಹಲಗೆಯ ಅಂಚನ್ನು ಬೆಳಕಿಗೆ ಹಿಡಿದು ಪದರಗಳ ನಡುವೆ ಟೊಳ್ಳು ಇದೆಯೇ ಎಂದು ನೋಡಬೇಕು, ಬೆರಳ ಗೆಣ್ಣಿನಿಂದ ಹಲಗೆಯುದ್ದಕ್ಕೂ ತಟ್ಟುತ್ತಾ ಹೋಗಬೇಕು. ಟೊಳ್ಳಿರುವ ಜಾಗದಲ್ಲಿ ಸದ್ದು ಬದಲಾಗುತ್ತದೆ, ಸ್ಪೀಕರ್ ನುಡಿಯುವಾಗ ಅದೇ ಜಾಗ ಗಿರಗುಟ್ಟುತ್ತದೆ. ಅಂಟು ಸಾಮಾನ್ಯ ಬಿಳಿ ಅಂಟಾಗಿರದೆ ನೀರು ತಡೆಯುವ ಬಗೆಯದಾಗಿರಬೇಕು. ಫೆವಿಕಾಲ್ ಮರೀನ್‌ನಂಥದ್ದು ಮಡಿಕೇರಿ, ವಿರಾಜಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲೇ ದೊರೆಯುತ್ತದೆ.

ತೋಟದಲ್ಲಿ ಹಲಸು, ಹೊನ್ನೆ, ಸಿಲ್ವರ್ ಓಕ್ ಇರುವವರಿಗೆ ಗಟ್ಟಿಮರದಲ್ಲೇ ಪೆಟ್ಟಿಗೆ ಮಾಡಿಸುವ ಆಸೆ ಸಹಜ, ಮನೆಯ ಅಟ್ಟದಲ್ಲಿ ಹಳೆಯ ಬೀಟೆಯ ಹಲಗೆ ಇದ್ದರಂತೂ ಕೇಳಬೇಕಾಗಿಲ್ಲ. ಆ ಆಸೆಯನ್ನು ನಾನು ಗೌರವಿಸುತ್ತೇನೆ. ಆದರೆ ಗಟ್ಟಿಮರ ಮಳೆಗಾಲದಲ್ಲಿ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. 30 ಸೆಂಟಿಮೀಟರ್ ಅಗಲದ ಹಲಗೆ ಎರಡು ಕಾಲಗಳ ನಡುವೆ ಕೆಲವು ಮಿಲಿಮೀಟರುಗಳಷ್ಟು ಬದಲಾಗಬಹುದು. ಆರೂ ಮುಖಗಳನ್ನು ಅಂಟಿನಿಂದ ಬಿಗಿದ ಪೆಟ್ಟಿಗೆಯಲ್ಲಿ ಆ ಚಲನೆಗೆ ಜಾಗವೇ ಇಲ್ಲ, ಆದ್ದರಿಂದ ಒಂದೋ ಕೀಲು ಬಿಡುತ್ತದೆ ಅಥವಾ ಹಲಗೆ ಸೀಳುತ್ತದೆ. ಪೆಟ್ಟಿಗೆಯನ್ನು ಪ್ಲೈವುಡ್ಡಿನಲ್ಲಿ ಕಟ್ಟಿ, ಹೊರಮೈಗೆ ಬೀಟೆ ಅಥವಾ ತೇಗದ ವೆನಿಯರ್ ಹಾಳೆ ಹಚ್ಚಿ, ಗಟ್ಟಿಮರವನ್ನು ಮುಂಭಾಗದ ಅಂಚುಪಟ್ಟಿಗೂ ಕೆಳಗಿನ ಸ್ಟ್ಯಾಂಡಿಗೂ ಬಳಸಿದರೆ ಚೆಲುವೂ ಬಾಳಿಕೆಯೂ ಒಟ್ಟಿಗೆ ಸಿಗುತ್ತವೆ. ವೆನಿಯರನ್ನು ಹಲಗೆಯ ಎರಡೂ ಮೈಗೆ ಹಚ್ಚಬೇಕು, ಇಲ್ಲವೇ ಒಳಮೈಗೆ ಸೀಲರನ್ನಾದರೂ ಎರಡು ಕೈ ಬಳಿಯಬೇಕು. ಒಂದೇ ಮೈ ತೇವ ಹೀರಿದರೆ ಹಲಗೆ ಬಾಗುತ್ತದೆ.

ಗೋಡೆಯ ದಪ್ಪದ ಬಗ್ಗೆ ಎರಡು ಪಂಥಗಳಿವೆ. ದಪ್ಪ ಹಲಗೆ, ಒಳಗೆ ಅಡ್ಡಪಟ್ಟಿ ಎಂಬುದು ಒಂದು. ಬಿಬಿಸಿ ತನ್ನ ಪ್ರಸಾರ ಕೆಲಸಕ್ಕಾಗಿ 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ ಇನ್ನೊಂದು ಪಂಥಕ್ಕೆ ಸೇರಿದ್ದು. ಅದರಲ್ಲಿ 12 ಮಿಲಿಮೀಟರಿನ ಬರ್ಚ್ ಪ್ಲೈವುಡ್ಡಿಗೆ ಒಳಗಿನಿಂದ ಬಿಟುಮೆನ್ ಹಚ್ಚಿ ಕಂಪನವನ್ನು ಕೆಳಗಿನ, ಕಿವಿಗೆ ಕಡಿಮೆ ತೊಡಕಾಗುವ ಆವರ್ತನಕ್ಕೆ ಇಳಿಸಿ ಅಡಗಿಸಲಾಗಿತ್ತು. ಎರಡೂ ಸರಿಯಾದ ದಾರಿಗಳೇ. ಆಚಾರಿಯ ಕೈಗೆ ಸುಲಭವಾದದ್ದು ಮೊದಲನೆಯದು. ಒಳಗೆ ತುಂಬಲು ದಿಂಬಿಗೆ ಬಳಸುವ ಪಾಲಿಯೆಸ್ಟರ್ ನಾರು ಸಾಕು. ಹತ್ತಿ ಮತ್ತು ಉಣ್ಣೆಗೆ ಇಲ್ಲಿ ಬೂಷ್ಟು ಹಿಡಿಯುತ್ತದೆ.

ಕ್ರಾಸ್‌ಓವರ್: ನಕಲು, ಸ್ವಂತ, ಡಿಎಸ್‌ಪಿ

ಪೆಟ್ಟಿಗೆಯ ಹೊಳಪಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ತೆಗೆದು ಕ್ರಾಸ್‌ಓವರಿಗೆ ಇಡಿ ಎಂದು ನಾನು ಕೇಳಿಕೊಳ್ಳುತ್ತೇನೆ, ಏಕೆಂದರೆ ಸ್ಪೀಕರಿನ ಗುಣ ನಿರ್ಧಾರವಾಗುವುದು ಅಲ್ಲಿ. ಸಿದ್ಧ ಸೂತ್ರದ ಪ್ರಕಾರ 8 ಓಮ್‌ನ ಟ್ವೀಟರನ್ನು 2,000 ಹರ್ಟ್ಜ್‌ನಲ್ಲಿ ಬೇರ್ಪಡಿಸಲು 10 ಮೈಕ್ರೊಫ್ಯಾರಡ್ ಕೆಪಾಸಿಟರ್, ವೂಫರಿಗೆ 0.64 ಮಿಲಿಹೆನ್ರಿಯ ಕಾಯಿಲ್ ಎಂದು ಬರುತ್ತದೆ. ಆದರೆ ವೂಫರ್ ಆ ಆವರ್ತನದಲ್ಲಿ 8 ಓಮ್ ಆಗಿ ಉಳಿದಿರುವುದಿಲ್ಲ, ತನ್ನ ಕಾಯಿಲಿನ ಇಂಡಕ್ಟನ್ಸ್‌ನಿಂದಾಗಿ ಮೇಲೇರಿರುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಕ್ರಾಸ್‌ಓವರ್ ಬೋರ್ಡು ಯಾವ ಡ್ರೈವರಿಗೂ ಸರಿಹೊಂದದಿರುವುದು ಇದೇ ಕಾರಣಕ್ಕೆ. ಅದಲ್ಲದೆ ಪೆಟ್ಟಿಗೆಯ ಮುಖದ ಅಗಲಕ್ಕೆ ತಕ್ಕಂತೆ ಕೆಳಸ್ವರಗಳು ಹಿಂದಕ್ಕೂ ಹರಡಿಕೊಂಡು 6 ಡೆಸಿಬಲ್‌ವರೆಗೆ ತೆಳುವಾಗುತ್ತವೆ. 115 ಅನ್ನು ಮೀಟರಿನಲ್ಲಿರುವ ಅಗಲದಿಂದ ಭಾಗಿಸಿದರೆ ಈ ಬದಲಾವಣೆಯ ನಡುಬಿಂದು ಸಿಗುತ್ತದೆ, 23.6 ಸೆಂಟಿಮೀಟರ್ ಅಗಲದ ಮುಖಕ್ಕೆ ಅದು ಸುಮಾರು 490 ಹರ್ಟ್ಜ್. ಚಿಕ್ಕ ಕೋಣೆಯಲ್ಲಿ ಗೋಡೆಗೆ ಹತ್ತಿರ ಇಡುವುದಾದರೆ 3 ಡೆಸಿಬಲ್‌ನಷ್ಟು ಸರಿಪಡಿಸಿದರೆ ಸಾಕಾಗಬಹುದು. ದೊಡ್ಡ ಹಾಲಿನಲ್ಲಿ ಗೋಡೆಯಿಂದ ದೂರ ನಿಲ್ಲಿಸುವುದಾದರೆ ಪೂರ್ತಿ ಸರಿಪಡಿಸಬೇಕು, ಅಷ್ಟರಮಟ್ಟಿಗೆ ಸೆನ್ಸಿಟಿವಿಟಿಯನ್ನೂ ಕಳೆದುಕೊಳ್ಳಬೇಕು.

ಅಳತೆಯ ಸಲಕರಣೆ ಇಲ್ಲದವರು ಅನುಭವಿಗಳು ಪ್ರಕಟಿಸಿದ, ಅಳತೆಯ ನಕ್ಷೆಗಳ ಸಮೇತ ಇರುವ ಒಂದು ವಿನ್ಯಾಸವನ್ನು ಅಕ್ಷರಶಃ ಅನುಸರಿಸಬೇಕು. ಅದರಲ್ಲಿ ಹೇಳಿದ ಡ್ರೈವರ್ ಸಿಗಲಿಲ್ಲವೆಂದು ಅದೇ ಗಾತ್ರದ ಇನ್ನೊಂದನ್ನು ಹಾಕಿದರೆ ಅದು ಆ ವಿನ್ಯಾಸವಾಗಿ ಉಳಿಯುವುದಿಲ್ಲ. ಡಿಎಸ್‌ಪಿ (ಧ್ವನಿಸಂಕೇತವನ್ನು ಡಿಜಿಟಲ್ ಆಗಿ ತಿದ್ದುವ ಸಾಧನ) ಮತ್ತು ಎರಡೆರಡು ಆಂಪ್ಲಿಫೈಯರುಗಳ ಮೂಲಕ ಮಾಡುವ ಆಕ್ಟಿವ್ ವಿಧಾನದಲ್ಲಿ ಬೆಸುಗೆಯಿಲ್ಲದೆ ತಿದ್ದಬಹುದು, 47 ಹರ್ಟ್ಜ್‌ನ ಉಬ್ಬನ್ನೂ ಕತ್ತರಿಸಬಹುದು. ಕಲಿಯುವವರಿಗೆ ಅದರಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ. ಆದರೆ ಏಪ್ರಿಲ್-ಮೇ ತಿಂಗಳ ಸಿಡಿಲು, ಮಳೆಗಾಲದ ಕರೆಂಟಿನ ಏರಿಳಿತಗಳ ಎದುರು ವಿದ್ಯುತ್ತಿಗೆ ಜೋಡಿಸಿದ ಪೆಟ್ಟಿಗೆಗಳು ಹೆಚ್ಚಿದಷ್ಟೂ ಅಪಾಯವೂ ಹೆಚ್ಚು. ಕೆಪಾಸಿಟರ್, ಕಾಯಿಲ್, ರೆಸಿಸ್ಟರುಗಳ ಪ್ಯಾಸಿವ್ ಕ್ರಾಸ್‌ಓವರಿಗೆ ಪ್ಲಗ್ ಇಲ್ಲ. ಟ್ವೀಟರಿನ ದಾರಿಯಲ್ಲಿ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದರೆ ಅದರ ಮೈಕ್ರೊಫ್ಯಾರಡ್ ಅಳತೆ ವರ್ಷಗಟ್ಟಲೆ ಕದಲುವುದಿಲ್ಲ. ಎಲೆಕ್ಟ್ರೊಲಿಟಿಕ್ ಅಗ್ಗವಾದರೂ ಕಾಲಕ್ರಮೇಣ ಜಾರುತ್ತದೆ.

ಕಣದಲ್ಲಿ ಅಳತೆ

ಸ್ವಂತ ವಿನ್ಯಾಸಕ್ಕೆ ಹೊರಟವರಿಗೆ ಕೊಡಗು ಒಂದು ಅನುಕೂಲವನ್ನು ಕೊಟ್ಟಿದೆ: ಕಾಫಿ ಒಣಗಿಸುವ ಸಿಮೆಂಟಿನ ಕಣ. ಮೂರು ಮೀಟರ್ ಎತ್ತರದ ಕೋಣೆಯ ನಡುವೆ ಸ್ಪೀಕರನ್ನೂ ಮೈಕನ್ನೂ ಒಂದು ಮೀಟರ್ ಅಂತರದಲ್ಲಿಟ್ಟರೆ ನೆಲದಿಂದಲೂ ಸೂರಿನಿಂದಲೂ ಮರಳಿದ ಧ್ವನಿ ನೇರ ಧ್ವನಿಗಿಂತ ಸುಮಾರು 6 ಮಿಲಿಸೆಕೆಂಡ್ ತಡವಾಗಿ ಮೈಕನ್ನು ತಲುಪುತ್ತದೆ. ಆದ್ದರಿಂದ 160 ಹರ್ಟ್ಜ್‌ಗಿಂತ ಕೆಳಗಿನ ಅಳತೆಯನ್ನು ನಂಬುವಂತಿಲ್ಲ. ಕಣದಲ್ಲಿ ಸೂರೂ ಇಲ್ಲ, ಗೋಡೆಯೂ ದೂರ. ಪೇಂಟರುಗಳು ಬಳಸುವ ಎತ್ತರದ ಸ್ಟ್ಯಾಂಡಿನ ಮೇಲೆ ಎರಡೂವರೆ ಮೀಟರ್ ಎತ್ತರಕ್ಕೆ ಏರಿಸಿದರೆ ನೆಲದ ಮರುಧ್ವನಿ 12 ಮಿಲಿಸೆಕೆಂಡಿಗೆ ಸರಿದು 85 ಹರ್ಟ್ಜ್‌ನವರೆಗೂ ಚಿತ್ರ ಸ್ಪಷ್ಟವಾಗುತ್ತದೆ. ಇನ್ನೂ ಕೆಳಗಿನ ಸ್ವರಗಳಿಗೆ ಸ್ಪೀಕರನ್ನು ನೆಲದ ಮೇಲೇ ಇಟ್ಟು, ಎರಡು ಮೀಟರ್ ಆಚೆ ಮೈಕನ್ನೂ ಸಿಮೆಂಟಿಗೆ ತಾಗುವಂತೆ ಮಲಗಿಸಬೇಕು. ಆಗ ನೇರ ಧ್ವನಿಯೂ ನೆಲದ ಧ್ವನಿಯೂ ಒಟ್ಟಿಗೇ ಬಂದು ಮಟ್ಟ 6 ಡೆಸಿಬಲ್ ಹೆಚ್ಚು ತೋರಿಸುತ್ತದೆ, ಅಷ್ಟನ್ನು ಕಳೆದುಕೊಂಡರಾಯಿತು. ಬೇಕಾದದ್ದು ಯುಎಸ್‌ಬಿಗೆ ಜೋಡಿಸುವ, ಸರಿಪಡಿಕೆಯ ಕಡತವಿರುವ ಒಂದು ಅಳತೆ ಮೈಕು ಮತ್ತು ಉಚಿತವಾಗಿ ಸಿಗುವ ಆರ್‌ಇಡಬ್ಲ್ಯು ತಂತ್ರಾಂಶ.

ಕಾಲವನ್ನೂ ನೋಡಿಕೊಳ್ಳಬೇಕು. ಕೊಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ. ರೊಬಸ್ಟಾ ಒಣಗಿಸಿ ಮುಗಿದ ಮೇಲೆ, ಹೂಮಳೆಗಳ ನಡುವಿನ ಒಣ ದಿನಗಳಲ್ಲಿ, ಗಾಳಿ ಏಳುವ ಮೊದಲು ಬೆಳಗ್ಗೆಯೇ ಅಳತೆ ಮುಗಿಸುವುದು ಒಳ್ಳೆಯದು. ಮರ ಒಣಗಿರುವ ಅದೇ ದಿನಗಳು ಅಂಟಿನ ಕೆಲಸಕ್ಕೂ ಪಾಲಿಶಿಗೂ ಸೂಕ್ತ.

ಕೊನೆಯ ತಿದ್ದುಪಡಿಯನ್ನು ಕಿವಿಗೇ ಬಿಡಬೇಕು. ವೂಫರಿನ ಮಟ್ಟ 86 ಡೆಸಿಬಲ್, ಟ್ವೀಟರಿನದು 92 ಇದ್ದರೆ 8 ಓಮ್‌ನ ಟ್ವೀಟರಿಗೆ ಸರಣಿಯಲ್ಲಿ 4 ಓಮ್, ಸಮಾನಾಂತರವಾಗಿ 8 ಓಮ್ ರೆಸಿಸ್ಟರ್ ಹಾಕಿದಾಗ 6 ಡೆಸಿಬಲ್ ತಗ್ಗುತ್ತದೆ. ಹೆಂಚಿನ ಹಾಲಿನಲ್ಲಿ, ಜಮಖಾನ ಹಾಸಿದ ಕೋಣೆಯಲ್ಲಿ, ಬರಿಯ ಟೈಲ್ಸ್ ನೆಲದ ಕೋಣೆಯಲ್ಲಿ ಈ ಅಂಕಿ ಒಂದರ್ಧ ಅಥವಾ ಒಂದು ಡೆಸಿಬಲ್ ಆಚೀಚೆ ಆಗಬೇಕಾಗುತ್ತದೆ, ಅಷ್ಟು ಚಿಕ್ಕ ವ್ಯತ್ಯಾಸವೂ ಗಾಯಕರ ದನಿಯಲ್ಲಿ ಕೇಳಿಸುತ್ತದೆ. ಆದ್ದರಿಂದ ಸರಣಿಯ ರೆಸಿಸ್ಟರನ್ನು ಪೆಟ್ಟಿಗೆಯೊಳಗೆ ಬೆಸೆದು ಮುಚ್ಚದೆ, ಹಿಂಬದಿಯಲ್ಲಿ ಇನ್ನೊಂದು ಜೊತೆ ಟರ್ಮಿನಲ್ ಇಟ್ಟು ಹೊರಗಿನಿಂದಲೇ ಜೋಡಿಸಿ, 3.3, 3.9, 4.7 ಓಮ್‌ಗಳ, 10 ವಾಟಿನ ಮೂರು ಜೊತೆ ರೆಸಿಸ್ಟರುಗಳನ್ನು ಕೈಯಲ್ಲಿಟ್ಟುಕೊಂಡು ಒಂದೊಂದನ್ನೂ ಕೆಲವು ದಿನ ಕೇಳಿ ನೋಡಿ, ಅನಂತರವೇ ಒಂದನ್ನು ಉಳಿಸಿಕೊಳ್ಳಿ.